ಮಾವನ ದಬ್ಬಳದ ವಿಮಾನಯಾನ

ಗಡಿಯಲ್ಲಿ ಹುಟ್ಟಿ ಬೆಳೆದವನಿಗೆ ತಪಾಸಣೆಯ ಭಯ ಇರಬಾರದು. ಕನ್ನಡ-ತಮಿಳು ಗಡಿಯ ಜೂಜುವಾಡಿ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಲ್ಲಿಸಿ, ಖಾಕಿಯವರೊಬ್ಬರು ಹತ್ತಿ, ಸೀಟಿನ ಕೆಳಗೆ ಕೋಲಾಡಿಸಿ "ಯಾರದಮ್ಮ ಈ ಅಕ್ಕಿ?" ಎಂದು ಕೇಳುವುದನ್ನು ನಾನು ಅಮ್ಮನ ತೊಡೆಯ ಮೇಲೆ ಕೂರುತ್ತಿದ್ದ ಕಾಲದಿಂದ ನೋಡಿದ್ದೇನೆ. ಕದ್ದು ಸಾಗಿಸುವ ಆ ಅಕ್ಕಿಯ ಗಂಟಿನ ಮೇಲೆಯೇ ಕೂತ ಹೆಂಗಸರು ತಣ್ಣಗೆ ಕಿಟಕಿಯಾಚೆ ನೋಡುತ್ತಿರುತ್ತಿದ್ದರು. ಅವರ ಪಾಲಿನ ಬೆವರನ್ನೆಲ್ಲ ನಾನು ಸುರಿಸುತ್ತಿದ್ದೆ. ನನ್ನ ಹತ್ತಿರ ಅಕ್ಕಿಯಿರಲಿ, ಒಂದು ಕಡಲೆಕಾಯಿಯೂ ಇರುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪೈಕಿ ನಾನು. ಇಂಥವನು ಹೆಗಲಿಗೆ ಚೀಲ ಏರಿಸಿಕೊಂಡು ಪರದೇಶ ಸುತ್ತಲು ಹೋದರೆ ಏನಾಗಬೇಕೋ ಅದೇ ಆಯಿತು.

ಎಂಬತ್ತರ ದಶಕದ ಮಾತು. ನಾನು ಕೆಲಸ ಮಾಡುತ್ತಿದ್ದ ಹೊಸೂರಿನ ಕಾರ್ಖಾನೆಯವರು ಹೊಸ ಮೆಷಿನ್ ಕಲಿತು ಬಾ ಎಂದು ಮೂರು ತಿಂಗಳು ನನ್ನನ್ನು ಯೂರೋಪಿಗೆ ಕಳಿಸಿದರು. ಹೊರಡುವ ದಿನ ರಾಯಕೋಟೆಯಿಂದ ಮುನಿಯಪ್ಪ ಮಾವ ಬಂದರು. ನಮ್ಮಮ್ಮನ ಅಣ್ಣ. ಹುಣಸೆಹಣ್ಣಿನ ಮಂಡಿಯಲ್ಲಿ ಗೋಣಿ ಹೊಲಿಯುವುದು ಅವರ ಕೆಲಸ. ಅವರು ಹೊಲಿದ ಮೂಟೆ ಲಾರಿಯಿಂದ ಬಿದ್ದರೂ ಒಂದು ಹುಣಸೆಬೀಜ ಆಚೆ ಬರುವುದಿಲ್ಲ ಎಂದು ಸುತ್ತಮುತ್ತ ಹೆಸರು. ನನ್ನ ಕ್ಯಾನ್ವಾಸ್ ಚೀಲ ನೋಡಿ ಅವರಿಗೆ ಸಂಕಟವಾಯಿತು. "ಇದೇನ್ಲಾ, ಬರೀ ಒಂದ್ ಬಕಲ್ಲು? ಅಷ್ಟ್ ದೂರ ಹೋಗೋ ಚೀಲ ಹಿಂಗ್ ಬಾಯ್ ಬುಟ್ಕೊಂಡಿರ್ಬೋದಾ?" ಎಂದರು. ಸೊಂಟದಿಂದ ದಬ್ಬಳ ತೆಗೆದರು. ದಬ್ಬಳವೆಂದರೆ ಗೋಣಿ ಹೊಲಿಯುವ ಗೇಣುದ್ದದ ಸೂಜಿ. ನಾನು ಬೇಡವೆನ್ನುವುದರೊಳಗೆ ಬಾಯಿ ಹೊಲಿದು, ದಬ್ಬಳವನ್ನೂ ಒಂದು ಉಂಡೆ ಹುರಿಯನ್ನೂ ಪಕ್ಕದ ಜೇಬಿಗೆ ತುರುಕಿದರು. "ಬರೋವಾಗ ನೀನೇ ಹೊಲ್ಕಾ. ಇದು ನಮ್ಮಪ್ಪನ ಕೈಲಿದ್ದ ದಬ್ಬಳ ಕಣ್ಲಾ. ನಿನ್ನ ಕಳ್ಕೊಂಡ್ರೂ ಪರವಾಗಿಲ್ಲ, ಇದನ್ನ ಮಾತ್ರ ತಂದ್ಕೊಡು."

ಹೋಗುವಾಗ ಚೀಲ ವಿಮಾನದ ಹೊಟ್ಟೆಯೊಳಗೆ ಹೋಯಿತು, ಯಾರೂ ಏನೂ ಕೇಳಲಿಲ್ಲ. ತರಬೇತಿ ಮುಗಿದ ಮೇಲೆ ಹತ್ತು ದಿನ ಅದನ್ನೇ ಬೆನ್ನಿಗೇರಿಸಿ, ಅಲ್ಲಿನ ಹುಡುಗರಂತೆ ಊರೂರು ಅಲೆದೆ. ಕೊನೆಯ ದಿನ ಬಕಲ್ಲು ಮುರಿಯಿತು. ಮಾವನ ದೂರದೃಷ್ಟಿಗೆ ಕೈಮುಗಿದು, ನಾನೇ ವಕ್ರವಕ್ರವಾಗಿ ಚೀಲ ಹೊಲಿದು, ಬೆನ್ನಿನ ಮೇಲೇ ಹೊತ್ತುಕೊಂಡು ವಿಮಾನ ನಿಲ್ದಾಣದ ತಪಾಸಣೆಯ ಸಾಲಿಗೆ ಹೋದೆ. ನಮ್ಮ ಕಡೆ ಹೊಲಿದ ಚೀಲವೆಂದರೆ ಯಾರೂ ಕೈಯಾಡಿಸಿಲ್ಲ ಎಂಬ ಭರವಸೆ. ಅಲ್ಲಿ ಅದರ ಅರ್ಥ ಏನೋ ಬಚ್ಚಿಟ್ಟಿದ್ದಾನೆ ಎಂದು. ಇದು ನನಗೆ ತಿಳಿದಾಗ ಹೊತ್ತು ಮೀರಿತ್ತು.

"ಯಾಕೆ ಹೊಲಿದಿದ್ದೀಯ?" ಎಂದು ಕಿರಿಯ ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ. ಭದ್ರತೆಗೆ ಎಂದೆ. "ಬೇರೆಯವರು ಕೊಟ್ಟ ವಸ್ತು ಏನಾದರೂ ಇದೆಯೆ?" ಹರಿಶ್ಚಂದ್ರನ ವಂಶದವನಂತೆ, ನಮ್ಮ ಮಾವ ಕೊಟ್ಟ ಸೂಜಿ ಇದೆ ಎಂದೆ. ಎಷ್ಟು ದೊಡ್ಡದು ಎಂದ. ಗೇಣು ಹಾಕಿ ತೋರಿಸಿದೆ. ಅಲ್ಲಿಗೆ ಅವನ ಮುಖವೇ ಬೇರೆಯಾಯಿತು. ನನ್ನನ್ನು ಪಕ್ಕಕ್ಕೆ ನಿಲ್ಲಿಸಿ, ಬೂಟು ಬಿಚ್ಚಿಸಿ, ಮೈಯೆಲ್ಲ ತಡವಿ, ಹೊಲಿಗೆ ಕತ್ತರಿಸಿ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದ. ಸಾಲಿನಲ್ಲಿದ್ದ ಸಭ್ಯ ಜನರೆದುರು ನನ್ನ ಒಗೆಯದ ಬನಿಯನ್ನುಗಳೂ, ನೆಂಟರಿಗೆಂದು ಹಾಸ್ಟೆಲಿನಿಂದ ಎತ್ತಿಟ್ಟುಕೊಂಡಿದ್ದ ಆರು ಪುಟ್ಟ ಸೋಪುಗಳೂ ಹರಡಿಕೊಂಡವು. ಅವಮಾನವಾಯಿತು, ಸುಳ್ಳೇಕೆ. ಆದರೆ ಅವನು ದಬ್ಬಳವನ್ನು ಎತ್ತಿ ಕಸದ ಡಬ್ಬಿಯ ಕಡೆ ಹೊರಟಾಗ ಬೂಟಿಲ್ಲದ ಕಾಲಲ್ಲೇ ಅವನ ಹಿಂದೆ ನುಗ್ಗಿದೆ.

ಯೂನಿಫಾರಂ ಕಂಡರೆ ನನ್ನ ಬಾಯಿಗೆ ಬರುವುದು ತಮಿಳು. ನಮ್ಮೂರಿನಲ್ಲಿ ಅಧಿಕಾರವೆಲ್ಲ ಆ ಭಾಷೆಯಲ್ಲೇ ಮಾತಾಡುವುದು. "ಸಾರ್, ವೇಣ್ಡಾಂ ಸಾರ್! ಎಂಗ ಮಾಮಾವೋಡದು ಸಾರ್!" ಎಂದು ಕೂಗಿಬಿಟ್ಟೆ. ಬೇಡ ಸಾರ್, ನಮ್ಮ ಮಾವಂದು ಎಂಬ ನನ್ನ ಗೋಳು ಅವನಿಗೆ ಹೇಗೆ ತಿಳಿಯಬೇಕು? ಗಲಾಟೆ ಕೇಳಿ ಒಳಗಿನಿಂದ ಇನ್ನೊಬ್ಬ ಅಧಿಕಾರಿ ಬಂದರು. ನೆರೆತ ತಲೆ, ದಪ್ಪ ಬೆರಳುಗಳು. ದಬ್ಬಳವನ್ನು ಕೈಗೆ ತೆಗೆದುಕೊಂಡು, ಮೊನೆಯ ಬಾಗನ್ನು ಬೆರಳಿನಿಂದ ಸವರಿ, "ಮೂಟೆ?" ಎನ್ನುವಂತೆ ಎರಡೂ ಕೈಯಲ್ಲಿ ಸನ್ನೆ ಮಾಡಿದರು. ನಾನು ತಲೆಯಾಡಿಸಿದೆ. "ನಮ್ಮಪ್ಪ," ಎಂದು ತಮ್ಮ ಎದೆ ಮುಟ್ಟಿ, ಮುರುಕು ಇಂಗ್ಲಿಷಿನಲ್ಲಿ ಹೇಳಿದರು, "ಆಲೂಗಡ್ಡೆ."

ಇಷ್ಟೇ ಮಾತು. ಆಮೇಲೆ ಬನಿಯನ್ನುಗಳನ್ನೂ ಸೋಪುಗಳನ್ನೂ ಅವರೇ ಚೀಲಕ್ಕೆ ತುಂಬಿದರು. ನನ್ನ ಹಳೆಯ ಹೊಲಿಗೆಯ ಚೂರನ್ನು ನೋಡಿ ನಕ್ಕರು. ಅಲ್ಲೇ ನಿಂತು ಹುರಿ ಪೋಣಿಸಿ, ಚೀಲದ ಬಾಯಿಯನ್ನು ಸರಸರನೆ ಹೊಲಿದರು. ದಬ್ಬಳವನ್ನು ಲಕೋಟೆಯಲ್ಲಿಟ್ಟು, ನನ್ನ ಹೆಸರು ಬರೆದು, ವಿಮಾನದ ಸಿಬ್ಬಂದಿಯ ಕೈಗೆ ಕೊಡಿಸಿದರು. ಇಳಿಯುವಾಗ ಗಗನಸಖಿ ಅದನ್ನು ಮಂತ್ರಿಗಳ ಕಾಗದದಂತೆ ಎರಡು ಕೈಯಲ್ಲಿ ಹಿಡಿದು ತಂದುಕೊಟ್ಟಳು. ಆ ಹಿರಿಯರ ಹೆಸರು ಕೇಳಬೇಕೆಂದು ನನಗೆ ಹೊಳೆದದ್ದು ವಿಮಾನ ಮೋಡ ದಾಟಿದ ಮೇಲೆ. ಆ ಊರಿನ ನೆನಪಾದಾಗ ಬೂಟು ಬಿಚ್ಚಿಸಿಕೊಂಡದ್ದಲ್ಲ, ಆ ದಪ್ಪ ಬೆರಳುಗಳೇ ಕಣ್ಣಮುಂದೆ ಬರುತ್ತವೆ. ಅವರು ತಣ್ಣಗಿರಲಿ.

ಊರಿಗೆ ಬಂದವನು ಚೀಲ ಬಿಚ್ಚದೆ ನೇರ ರಾಯಕೋಟೆಯ ಮಂಡಿಗೆ ಹೋದೆ. ಆ ಚೆಂದದ ಹೊಲಿಗೆ ನನ್ನದೇ ಎಂದು ಹೇಳಿ ಒಂದು ಶಹಬ್ಬಾಸ್ ಗಿಟ್ಟಿಸುವ ಆಸೆ. ಮಾವ ಮೊದಲು ದಬ್ಬಳವನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿದರು.

"ಯಾರ್ಲಾ ಹೊಲ್ದಿದ್ದು?"

"ನಾನೇ ಮಾವ."

"ಸರಿ. ಹಂಗಾರೆ ಇದೊಂದು ಹೊಲಿ, ನೋಡಾನ" ಎಂದು ತುಂಬಿದ ಗೋಣಿಯೊಂದನ್ನು ನನ್ನ ಮುಂದೆ ನೂಕಿದರು.

ಮಂಡಿಯವರೆಲ್ಲ ಸುತ್ತ ನಿಂತರು. ಎರಡು ಹೊಲಿಗೆ ಹಾಕುವುದರಲ್ಲಿ ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಮಾವ ಬಯ್ಯಲಿಲ್ಲ. ಚೀಲದ ಎರಡು ಮೂಲೆಯಲ್ಲಿ ಹಿಡಿದೆತ್ತಲು ಬಿಟ್ಟಿದ್ದ ಗಂಟಿನ ಕಿವಿಗಳನ್ನು ಮುಟ್ಟಿ ತೋರಿಸಿದರು. "ಕಿವಿ ಬುಟ್ಟವ್ನೆ ನೋಡ್ಲಾ ಪುಣ್ಯಾತ್ಮ. ಹೊರೋನ ಕಷ್ಟ ಗೊತ್ತಿರೋನು."

ಅಷ್ಟೆಲ್ಲ ಯಂತ್ರಗಳನ್ನಿಟ್ಟುಕೊಂಡು ಹುಡುಕಿದವರಿಗೆ ನನ್ನಲ್ಲಿ ಸಿಕ್ಕಿದ್ದು ಒಂದು ಸೂಜಿ, ಆರು ಸೋಪು. ನನ್ನ ಸುಳ್ಳು ಸಿಕ್ಕಿದ್ದು ಮಾವನ ಹೆಬ್ಬೆರಳಿಗೆ. ಆ ಗೋಣಿಯನ್ನು ಮಾತ್ರ ಅವತ್ತು ನನ್ನ ಕೈಯಲ್ಲೇ ಪೂರ್ತಿ ಹೊಲಿಸಿದರು. ಕೃಷ್ಣಗಿರಿ ತಲುಪುವಷ್ಟರಲ್ಲಿ ಅದರಲ್ಲಿದ್ದ ಅರ್ಧ ಹುಣಸೆಹಣ್ಣು ಲಾರಿಯಲ್ಲೇ ಚೆಲ್ಲಿಹೋಗಿತ್ತು ಎಂದು ಮಾವ ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಅದು ಶುದ್ಧ ಉತ್ಪ್ರೇಕ್ಷೆ. ಚೆಲ್ಲಿದ್ದು ಕಾಲು ಭಾಗ ಅಷ್ಟೇ.