ಬನಹಟ್ಟಿಯಲ್ಲಿ ಗುಟ್ಟಾಗಿ ಮಾತಾಡುವುದು

ನನ್ನದು ಮೆಲುದನಿ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಮನುಷ್ಯನಿಗೆ ತನ್ನ ಮುಖ ಕನ್ನಡಿಯಲ್ಲಾದರೂ ಕಾಣುತ್ತದೆ, ತನ್ನ ದನಿ ಹೇಗಿದೆ ಎಂದು ಹೇಳುವವರು ಮಾತ್ರ ಸಿಗುವುದಿಲ್ಲ. ಅದರಲ್ಲೂ ನೇಕಾರರ ಊರಾದ ಬನಹಟ್ಟಿಯಲ್ಲಿ ಹುಟ್ಟಿದವನಿಗೆ ಸಿಗುವುದೇ ಇಲ್ಲ. ನಮ್ಮ ಮನೆಯೊಳಗೇ ಮಗ್ಗಗಳು ಬೆಳಗಿನಿಂದ ಖಟಪಟ ಎನ್ನುತ್ತಿದ್ದವು. ಆ ಸದ್ದಿನ ಮೇಲೆ ಅವ್ವ ‘ಉಣ್ಣಾಕ ಬಾರೋ’ ಎಂದರೆ ಹಿಂದಿನ ಓಣಿಯವರೂ ಕೈತೊಳೆದುಕೊಳ್ಳುತ್ತಿದ್ದರು. ಕರೆಂಟು ಹೋಗಿ ಮಗ್ಗ ನಿಂತರೂ ನಮ್ಮ ಗಂಟಲು ಇಳಿಯುವುದಿಲ್ಲ. ಗಂಡಹೆಂಡತಿ ಅಕ್ಕರೆಯಿಂದ ಮಾತಾಡುತ್ತಿದ್ದರೆ ಹೊಸಬರು ಜಗಳ ಬಿಡಿಸಲು ಓಡಿ ಬರುತ್ತಾರೆ.

ಇಂಥ ಊರಲ್ಲಿ ನಮ್ಮದೊಂದು ಸಾಫ್ಟ್‌ವೇರ್ ಕಂಪನಿ. ಹಳೆಯ ಮಗ್ಗದ ಶೆಡ್ಡಿನಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟು, ಅಂಗಡಿಗಳಿಗೆ ಬಿಲ್ಲು ಹಾಕುವ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆವು. ಅದೇನು ಘಳಿಗೆಯೋ, ನೋಡನೋಡುತ್ತ ಜಮಖಂಡಿಯಲ್ಲೊಂದು ಶಾಖೆ, ಬೀಳಗಿಯಲ್ಲೊಂದು ಶಾಖೆ ಎದ್ದವು. ಮುಧೋಳದಲ್ಲಂತೂ ಕುರ್ಚಿ ಬರುವ ಮೊದಲೇ ಬೋರ್ಡು ಬಂತು, ಹುಡುಗರು ವಾರವಿಡೀ ನಿಂತುಕೊಂಡೇ ಕೆಲಸ ಮಾಡಿದರು. ನಮ್ಮ ಯಜಮಾನರ ಕಾರ್ಡಿನಲ್ಲಿ ಸಿ.ಇ.ಓ. ಎಂದಿದ್ದರೂ ನಾವೆಲ್ಲ ಅವರನ್ನು ಕರೆಯುವುದು ‘ಮಾಲಕ್ರ’ ಎಂದೇ. ಅಷ್ಟೂ ಶಾಖೆಗಳಿಗೆ ಒಬ್ಬ ಮ್ಯಾನೇಜರ್ ಬೇಕು ಎಂದು ಮಾಲಕರು ಒಂದು ದಿನ ಸಾರಿದರು. ಎಲ್ಲರಿಗಿಂತ ಹಳಬ ನಾನು. ನನಗಲ್ಲದೆ ಇನ್ಯಾರಿಗೆ ಎಂದುಕೊಂಡು ಹೆಂಡತಿಗೆ ಹೇಳಿಬಿಟ್ಟೆ, ಅವಳು ತವರಿಗೆ ಹೇಳಿದಳು, ತವರಿನವರು ಹೊಸ ಅಂಗಿಯ ಬಟ್ಟೆಯನ್ನೂ ಕಳಿಸಿದರು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಅಷ್ಟರಲ್ಲಿ ಬೆಳಗಾವಿಯಿಂದ ಒಬ್ಬ ಮೇಡಂ ಬಂದರು. ಬೆಳೆಯುವ ಕಂಪನಿಯಲ್ಲಿ ಕೆಲಸದ ವಾತಾವರಣ ಹೇಗಿದೆ ಎಂದು ನೌಕರರನ್ನು ಒಬ್ಬೊಬ್ಬರಾಗಿ ಕೇಳಿ ತಿಳಿಯುವುದು ಅವರ ಕೆಲಸವಂತೆ. ಮ್ಯಾನೇಜರನ್ನು ಆರಿಸಲಿಕ್ಕೂ ಅವರ ಸಲಹೆಯೇ ಆಧಾರ. ‘ನೀವು ಹೇಳಿದ್ದು ಈ ಖೋಲಿ ಬಿಟ್ಟು ಹೊರಗ ಹೋಗಂಗಿಲ್ಲ. ಮನಸ್ಸು ಬಿಚ್ಚಿ ಹೇಳ್ರಿ’ ಎಂದು ಭರವಸೆ ಕೊಟ್ಟು, ಶೆಡ್ಡಿನ ಮೂಲೆಗೆ ಪ್ಲೈವುಡ್ ಅಡ್ಡ ಹಾಕಿ ಮಾಡಿದ ಖೋಲಿಯೊಳಗೆ ಕೂತರು. ಆ ಪ್ಲೈವುಡ್ಡು ಮೇಲಿನ ತಗಡಿನ ಚಾವಣಿಯವರೆಗೂ ಮುಟ್ಟಿರಲಿಲ್ಲ. ಮುಟ್ಟಿದ್ದರೂ ನಮ್ಮವರಿಗೆ ಅದು ಯಾವ ಲೆಕ್ಕ!

ಮೊದಲು ಹೋದವನು ನನ್ನ ಕೈಕೆಳಗಿನ ಮಲ್ಲಪ್ಪ. ಅವನ ಗುಟ್ಟು ಶೆಡ್ಡಿನ ತುಂಬ ತುಂಬಿಕೊಂಡಿತು.

‘ಕೆಲಸ ಛಲೋ ಐತ್ರೀ ಮೇಡಮ್ಮಾರ. ಮಾಲಕರೂ ಛಲೋ ಅದಾರ. ಖರೆ ಹೇಳ್ಬೇಕಂದ್ರ ನಮ್ಮ ಸರ ಬಾಳ ಒದರತಾರ್ರೀ! ಅಷ್ಟ ದೂರದ ಸಾವಳಗ್ಯಾಗಿನ ಗಿರಾಕಿಗೆ ಫೋನಿನ್ಯಾಗ ಮಾತಾಡಿದ್ರ, ಅಂವಗ ಫೋನ ಬೇಕಾಗಂಗಿಲ್ರೀ!’

ಹೊರಗೆ ಎಲ್ಲರೂ ಕಂಪ್ಯೂಟರಿನ ಹಿಂದೆ ಮುಖ ಮುಚ್ಚಿಕೊಂಡು ಕುಲುಕುಲು ನಕ್ಕರು. ನನಗೆ ಮೈ ಉರಿಯಿತು. ಪಕ್ಕದವನ ಕಿವಿಯ ಹತ್ತಿರ ಬಗ್ಗಿ ಅತ್ಯಂತ ಮೆಲ್ಲಗೆ, ‘ನಾ ಎಲ್ಲಿ ಒದರತೇನ್ಲೇ?’ ಎಂದೆ.

‘ಈಗ ಒದರಿದ್ರಲ್ರೀ ಸರ!’ ಎಂದು ಖೋಲಿಯೊಳಗಿನಿಂದಲೇ ಮಲ್ಲಪ್ಪ ಉತ್ತರ ಕೊಟ್ಟ.

ಆಮೇಲೆ ಹೋದವರೆಲ್ಲರದೂ ಅದೇ ಹಾಡು. ಒಬ್ಬ ಮಾತ್ರ ಚಹಾದಲ್ಲಿ ಸಕ್ಕರೆ ಕಡಿಮೆ ಎಂದ, ಚಹಾ ಮಾಡುವ ಯಮನವ್ವ ಒಲೆಯ ಮುಂದಿನಿಂದಲೇ ‘ನಾಳಿಂದ ಹಾಕತೇನ್ ತಗೋ’ ಎಂದಳು. ಕೊನೆಗೆ ತೇರದಾಳದ ಸವಿತಾ ಹೋದಳು. ಮನೆಯಲ್ಲಿ ಮಗ್ಗವಿಲ್ಲದ ಹುಡುಗಿ, ಮಾತೇ ಕೇಳಿಸದು. ನಾವೆಲ್ಲ ಕುರ್ಚಿ ಸರಿಸಿಕೊಂಡು ಪ್ಲೈವುಡ್ಡಿಗೆ ಕಿವಿ ಹಚ್ಚಿದರೂ ಪಿಸುಗುಟ್ಟಿದ ಸದ್ದಷ್ಟೇ ಬಂತು. ನನ್ನ ಬಗ್ಗೆ ಎಲ್ಲರಿಗಿಂತ ಕೆಟ್ಟದ್ದನ್ನು ಇವಳೇ ಹೇಳಿರಬೇಕು, ಇಲ್ಲದಿದ್ದರೆ ಇಷ್ಟು ಗುಟ್ಟೇಕೆ ಎಂದು ಸಂಶಯ ಹತ್ತಿತು. ಮ್ಯಾನೇಜರ್ ಹುದ್ದೆಗೆ ಅವಳ ಹೆಸರೂ ಇದೆ ಎಂದು ಆಗಲೇ ಗಾಳಿಮಾತಿತ್ತು.

ನನ್ನ ಪಾಳಿ ಬಂತು. ಬಾಗಿಲು ಗಟ್ಟಿಯಾಗಿ ಹಾಕಿದೆ. ಕುರ್ಚಿಯನ್ನು ಮೇಡಂ ಹತ್ತಿರ ಎಳೆದುಕೊಂಡೆ. ಬಾಯಿಗೆ ಕೈ ಅಡ್ಡ ಹಿಡಿದೆ. ನನ್ನ ಪ್ರಕಾರ ಇರುವೆಗೂ ಕೇಳಿಸದ ದನಿಯಲ್ಲಿ, ‘ಸವಿತಾ ಛಲೋ ಹುಡುಗಿರಿ, ಆದ್ರ ಬಾಯಿ ಇಲ್ಲ. ಅಕಿನ್ನ ಮ್ಯಾನೇಜರ್ ಮಾಡಿದ್ರ ಕಂಪನಿ ಮುಳುಗಿ ಹೋಗತೈತಿ!’ ಎಂದೆ. ಮೇಡಂ ಏಕೋ ಎರಡೂ ಕಿವಿ ಮುಚ್ಚಿಕೊಂಡರು. ತಲೆನೋವಿರಬೇಕು ಪಾಪ ಎಂದುಕೊಂಡೆ.

ಹೊರಗೆ ಬಂದರೆ ಶೆಡ್ಡಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಸವಿತಾ ತಲೆ ತಗ್ಗಿಸಿ ಕೂತಿದ್ದಳು. ಬಾಗಿಲಲ್ಲಿ ಸ್ಕೂಟರಿನಿಂದ ಇಳಿಯುತ್ತಿದ್ದ ಮಾಲಕರು, ‘ಕಂಪನಿ ಮುಳುಗಂಗಿಲ್ಲಪಾ, ಗಾಬರಿ ಆಗಬ್ಯಾಡ’ ಎಂದರು. ನನಗೆ ಆ ಕ್ಷಣ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸಂಜೆಗೆ ಸವಿತಾಳೇ ಮ್ಯಾನೇಜರ್ ಎಂದಾಯಿತು. ಅಂಗಿಯ ಬಟ್ಟೆ ಕಳಿಸಿದ ಮಾವನವರ ಮುಖ ಕಣ್ಣೆದುರು ಬಂತು.

ಎಲ್ಲರೂ ಹೋದ ಮೇಲೆ ಅಭಿನಂದನೆ ಹೇಳಲು ಅವಳ ಹತ್ತಿರ ಹೋದೆ.

‘ಸರ, ನಾ ಒಳಗ ನಿಮ್ಮ ಹೆಸರನ ಹೇಳಿದ್ದೆರಿ’ ಎಂದಳು. ‘ಕೆಲಸ ಕಲಿಸಿದವರು ನೀವ ಅಲ್ರೀ, ನಿಮ್ಮನ್ನ ಮಾಡ್ರಿ ಅಂದೆ.’

‘ಮತ್ತ ನಮಗ ಯಾರಿಗೂ ಕೇಳಿಸಲಿಲ್ಲಲ್ಲ?’

‘ಹೇಳಿದ್ದು ಹೊರಗ ಹೋಗಂಗಿಲ್ಲ ಅಂದಿದ್ರಲ್ರೀ ಮೇಡಂ, ಅದಕ್ಕ ಸಣ್ಣ ದನಿಲೆ ಹೇಳಿದೆ.’

ಖರೆ ಹೇಳುತ್ತೇನೆ, ಅಷ್ಟು ನಾಚಿಕೆ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಅವಳೊಬ್ಬಳಿಗೇ ಕೇಳಿಸುವಂತೆ, ಹುಟ್ಟಿದಾಗಿನಿಂದ ಎಂದೂ ಆಡದಷ್ಟು ಮೆಲುದನಿಯಲ್ಲಿ, ‘ತಪ್ಪಾತ ತಂಗಿ’ ಎಂದೆ.

ರಸ್ತೆಯಾಚೆಯ ಕಟಿಂಗ್ ಅಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡು ಕೂತಿದ್ದ ಯಾರೋ ಪುಣ್ಯಾತ್ಮ ಅಲ್ಲಿಂದಲೇ ಕೂಗಿದ: ‘ಹೋಗ್ಲಿ ಬಿಡ ತಂಗಿ, ಮಾಫ್ ಮಾಡಿಬಿಡು!’