ಲಗ್ನಪತ್ರಿಕೆಗೆ ಬಿದ್ದ ಕತ್ತರಿ

ಮನೆಯಲ್ಲೇ ಇರುವ ಹೆಂಗಸನ್ನು ಕಂಡರೆ ಲೋಕಕ್ಕೆ ಒಂದೇ ಪ್ರಶ್ನೆ ಹೊಳೆಯುತ್ತದೆ: "ಹೊತ್ತು ಹೇಗೆ ಕಳೀತೀರಿ?" ಬೆಳಿಗ್ಗೆ ಹಾಲಿನ ಪ್ಯಾಕೆಟ್ ಒಡೆಯುವಲ್ಲಿಂದ ರಾತ್ರಿ ಗ್ಯಾಸಿನ ನಾಬು ತಿರುಗಿಸುವವರೆಗೆ ಹೊತ್ತೇ ನನ್ನನ್ನು ಅಟ್ಟಿಸಿಕೊಂಡು ಬರುತ್ತಿರುವಾಗ ಅದನ್ನು ನಾನು ಕಳೆಯುವ ಮಾತೆಲ್ಲಿ ಬಂತು? ಮಗಳು ಹುಟ್ಟಿದ ಮೇಲೆ ಒಂದು ಕಚೇರಿಯ ಲೆಕ್ಕಪತ್ರದ ಕೆಲಸ ಬಿಟ್ಟು ಬಸವೇಶ್ವರನಗರದ ಈ ಮನೆಯಲ್ಲಿ ಕುಳಿತೆ. ಕುಳಿತೆ ಎನ್ನುವುದೂ ಮಾತಿಗಷ್ಟೇ. ಅಂದಿನಿಂದ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ರೋಸಿಹೋಗಿ, ಒಂದು ದಿನ ಎದುರುಮನೆಯಾಕೆಗೆ "ಕಾಗದ ಕತ್ತರಿಸ್ತೀನಿ" ಎಂದುಬಿಟ್ಟೆ. ಆಕೆ ಪಾಪ, ಮುಖ ಸಣ್ಣದು ಮಾಡಿಕೊಂಡು "ಯಾರಾದ್ರೂ ಒಳ್ಳೆ ಡಾಕ್ಟರಿಗೆ ತೋರಿಸಿದ್ರಾ?" ಎಂದರು. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ನನಗೆ ಕಾಗದದ ಹುಚ್ಚು. ಅದರಲ್ಲೂ ದಪ್ಪ ಕಾಗದ ಕಂಡರೆ ಕೈ ತುರಿಸುತ್ತದೆ. ಹೊಸ ಷರ್ಟಿನೊಳಗಿನ ರಟ್ಟು, ಸೋಪಿನ ಪೆಟ್ಟಿಗೆ, ಸ್ವೀಟಿನ ಡಬ್ಬಿಯ ಮೇಲಿನ ಬೆಳ್ಳಿಬಣ್ಣದ ಹಾಳೆ, ಯಾವುದೂ ನನ್ನನ್ನು ದಾಟಿ ಕಸದ ಬುಟ್ಟಿ ಸೇರುವುದಿಲ್ಲ. ಹೂವು, ಲಾಟೀನು, ಡಬ್ಬಿ, ಬುಕ್‌ಮಾರ್ಕು, ಶುಭಾಶಯಪತ್ರ, ಹೀಗೆ ಏನಾದರೊಂದು ಆಗುವ ತನಕ ಅದಕ್ಕೆ ಬಿಡುಗಡೆ ಇಲ್ಲ. ನಮ್ಮವರು ಸಾಕ್ಸ್ ಹುಡುಕಲು ಬೀರು ತೆಗೆದರೆ ಸಿಗುವುದು ಬಣ್ಣದ ಕಾಗದದ ಚೂರು. "ಈ ಮನೇಲಿ ಮನುಷ್ಯರಿಗೆ ಜಾಗ ಇದೆಯಾ?" ಎಂದು ಅವರು ಗೊಣಗುತ್ತಾರೆ. ಗೊಣಗಲಿ. ಅವರ ಹಳೆಯ ಕ್ರಿಕೆಟ್ ಬ್ಯಾಟು ಅಟ್ಟದ ಮೇಲೆ ಮಲಗಿರುವುದಕ್ಕೆ ನಾನು ಏನಾದರೂ ಅಂದಿದ್ದೇನೆಯೇ?

ನನ್ನ ದೊಡ್ಡ ಕಣಜ ಎಂದರೆ ಅತ್ತೆಯ ಚೀಲ. ಅತ್ತೆ ದಾವಣಗೆರೆ ಕಡೆಯವರು. ದೇವರ ಚಿತ್ರ ಇರುವ, ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆಯನ್ನು ಕಸಕ್ಕೆ ಹಾಕುವವರ ಮನೆಯಲ್ಲಿ ನೀರು ಕುಡಿಯಲೂ ಅವರು ಹಿಂದೆಮುಂದೆ ನೋಡುತ್ತಾರೆ. ಹಾಗಾಗಿ ನಮ್ಮ ಬಳಗದಲ್ಲಿ ಆದ ಮದುವೆಗಳೆಲ್ಲ, ನಾವು ಹೋದದ್ದು, ಹೋಗದೆ ನಿಷ್ಠುರ ಕಟ್ಟಿಕೊಂಡದ್ದು, ಎಲ್ಲವೂ ಚೀಲದಲ್ಲಿ ತುಂಬಿ ಅಟ್ಟದಲ್ಲಿದ್ದವು. ನಾನು ಬೇಡಿಕೊಂಡಾಗ ಅತ್ತೆ ಚೆನ್ನಾಗಿ ಯೋಚಿಸಿ ತೀರ್ಪು ಕೊಟ್ಟರು: "ಮದುವಿ ಮುಗದಿದ್ದು ತಗಾ. ದೇವರ ಚಿತ್ರಕ್ಕ ಕತ್ರಿ ಬೀಳಬಾರ್ದು. ಮದುವಿ ಆಗೋತನ್ಕ ಹೊಸಾದು ಮುಟ್ಟಬ್ಯಾಡ." ಅದಕ್ಕೆ ಕೃತಜ್ಞತೆಯಾಗಿ ಚೀಲದ ತಳದಲ್ಲಿ ಸಿಕ್ಕ ಒಂದು ಒಳ್ಳೆಯ ಕಾರ್ಡಿನಿಂದ ಅವರಿಗೆ ಅಡಿಕೆ ಡಬ್ಬಿ ಮಾಡಿಕೊಟ್ಟೆ. ಮುಚ್ಚಳದ ಮೇಲೆ ಶಿವಪಾರ್ವತಿಯರು ಕತ್ತರಿ ತಾಗದಂತೆ ಪೂರ್ತಿಯಾಗಿ ಕೂತಿದ್ದರು. ಅದು ಯಾರ ಕಾರ್ಡು ಎಂದು ಅತ್ತೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಾಡಿದ್ದನ್ನು ಮೆಚ್ಚಲು ಯಾರಾದರೂ ಬೇಕಲ್ಲ. ಮನೆಗೆ ಬ್ರಾಡ್‌ಬ್ಯಾಂಡ್ ಬಂದ ವರ್ಷ ಒಂದು ಬ್ಲಾಗು ತೆರೆದೆ. ಅದರ ಹೆಸರು ಇಲ್ಲಿ ಹೇಳುವುದಿಲ್ಲ, ಯಾಕೆ ಎನ್ನುವುದು ಮುಂದೆ ತಿಳಿಯುತ್ತದೆ. ಮಗಳು ಪುಟ್ಟಿಯನ್ನು ಶಾಲೆಯ ವ್ಯಾನಿಗೆ ಹತ್ತಿಸಿ, ಕುಕ್ಕರಿನ ವಿಷಲ್ಲಿಗೆ ಒಂದು ಕಿವಿ ಕೊಟ್ಟುಕೊಂಡು, ಕಂಪ್ಯೂಟರಿನ ಮೇಜಿನ ಮುಂದೆ ಕೂರುತ್ತಿದ್ದೆ. ಆ ಮೇಜಿನದ್ದೊಂದು ಬೇರೆ ಕಥೆ. ಒಂದು ಕಾಲು ಮೋಟು. ಒಂದು ಅಕ್ಷರ ಒತ್ತಿದರೆ ಮಾನಿಟರು ಹೌದು ಹೌದು ಎಂದು ತಲೆಯಾಡಿಸುತ್ತಿತ್ತು. "ಬಡಗಿಯನ್ನ ಕರೆಸ್ರೀ" ಎಂದು ನಾನು ಹೇಳುವುದು, "ಈ ಭಾನುವಾರ ಕರೆಸ್ತೀನಿ" ಎಂದು ಅವರು ಹೇಳುವುದು, ಅದು ನಮ್ಮ ಸಂಸಾರದ ನಿತ್ಯಪಾರಾಯಣ. ಕೊನೆಗೆ ನಾನೇ ಕೈಗೆ ಸಿಕ್ಕ ಒಂದು ಗಟ್ಟಿ ಕಾಗದವನ್ನು ಮಡಿಸಿ ಮಡಿಸಿ ಕಾಲಿನ ಕೆಳಗೆ ತುರುಕಿದೆ. ಅಲ್ಲಾಡುವುದು ನಿಂತಿತು, ನನ್ನ ಗೊಣಗಾಟ ನಿಲ್ಲಲಿಲ್ಲ. ನನ್ನ ಬ್ಲಾಗಿಗೆ ಈ ಮನುಷ್ಯನಿಂದ ಒಂದು ಹುಲ್ಲುಕಡ್ಡಿಯಷ್ಟು ಆಸರೆ ಇಲ್ಲ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ನೆಂಟರಿಷ್ಟರಿಗೆಲ್ಲ ಬ್ಲಾಗಿನ ವಿಳಾಸ ಬರೆದು ಕೊಟ್ಟೆ. ಅರಿಶಿನ ಕುಂಕುಮಕ್ಕೆ ಬಂದವರ ತಾಂಬೂಲದ ಜೊತೆಗೂ ಒಂದೊಂದು ಚೀಟಿ ಇಟ್ಟೆ. ಒಬ್ಬರೂ ತೆರೆದು ನೋಡಲಿಲ್ಲ. ಓದುತ್ತಿದ್ದವರೆಲ್ಲ ದೂರದವರು, ಅವರಲ್ಲಿ ನನಗೆ ಹೆಚ್ಚು ಹತ್ತಿರವಾದವರು ಆಸ್ಟ್ರೇಲಿಯಾದ ಮಾರ್ಗರೆಟ್ ಎನ್ನುವ ಅಜ್ಜಿ. ಅವರೂ ಕಾಗದದ ಹುಚ್ಚಿನವರೇ. ಲಗ್ನಪತ್ರಿಕೆಯ ಕನ್ನಡ ಅಕ್ಷರ ಕಂಡರೆ ಆಕೆಗೆ ಪ್ರಾಣ. "ಈ ಗುಂಡು ಗುಂಡು ಬಳ್ಳಿಗಳನ್ನು ಮುಚ್ಚಬೇಡ, ಕಾಣುವಂತೆ ಕತ್ತರಿಸು" ಎಂದು ಬರೆಯುತ್ತಿದ್ದರು. ಮನೆಯವರು ನಾನು ಮಾಡಿದ ಲಾಟೀನಿನ ಮೇಲೆ ಒದ್ದೆ ಟವೆಲು ಒಣಹಾಕುವ ಕಾಲದಲ್ಲಿ ಇಂಥ ಮಾತು ಕೇಳಿದರೆ ಯಾರ ತಲೆ ತಿರುಗುವುದಿಲ್ಲ ಹೇಳಿ.

ಹೀಗಿರುವಾಗ ಗಿರಿಜಕ್ಕ ಮಗಳ ಮದುವೆಗೆ ಕರೆಯಲು ಬಂದರು. ಗಿರಿಜಕ್ಕ ಎಂದರೆ ನಮ್ಮವರ ಅಕ್ಕ, ರಾಜರಾಜೇಶ್ವರಿನಗರದಲ್ಲಿ ಮನೆ. ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು, ಕಾರ್ಡು ಕೈಗಿಟ್ಟರು. ಅದು ಕಾರ್ಡೇ ಅಲ್ಲ, ಹಲಗೆ. ಕೆನೆಬಣ್ಣದ, ಕೈಯಿಂದ ತಯಾರಿಸಿದ ಕಾಗದ, ಅಂಚಿಗೆ ಚಿನ್ನದ ಬಳ್ಳಿ, ನಡುವೆ ಉಬ್ಬಿದ ಅಕ್ಷರದಲ್ಲಿ ಎಡಗಡೆ ಚಿ. ಸೌ. ನಂದಿನಿ, ಬಲಗಡೆ ಚಿ. ಪ್ರಶಾಂತ. ನನ್ನ ಕಣ್ಣು ಹೋದ ರೀತಿ ನೋಡಿಯೋ ಏನೋ, ಗಿರಿಜಕ್ಕ "ಇನ್ನೊಂದು ಇರ್ಲಿ ತಗೋ, ಎಕ್ಸ್‌ಟ್ರಾ" ಎಂದರು. ಬೆಕ್ಕಿನ ಮುಂದೆ ಹಾಲಿಟ್ಟು ಇನ್ನೊಂದು ಬಟ್ಟಲು ಇರಲಿ ಎಂದ ಹಾಗೆ ಆಯಿತು.

ಎರಡನೆಯದನ್ನು ಮೂರು ದಿನ ಮುಟ್ಟಲಿಲ್ಲ, ದೇವರಾಣೆಗೂ. ಅಷ್ಟರಲ್ಲಿ ಬ್ಲಾಗಿನ ಗೆಳತಿಯರ ನಡುವೆ ಒಂದು ಪಂದ್ಯ ಬಂತು, ವಾರದೊಳಗೆ ಚಿನ್ನದ ಬಣ್ಣದಲ್ಲಿ ಏನಾದರೂ ಮಾಡಿ ತೋರಿಸಬೇಕು ಎಂದು. ಮದುವೆಗೆ ಇನ್ನೂ ಮೂರು ವಾರವಿತ್ತು. ಅತ್ತೆಯ ತೀರ್ಪು ನೆನಪಾಯಿತು. ಆದರೆ ಮನೆಯ ಕಾರ್ಡು ದೇವರ ಮುಂದೆ ಭದ್ರವಾಗಿದೆ, ಇದು ಹೆಚ್ಚುವರಿ, ಹೆಚ್ಚುವರಿಗೆ ಶಾಸ್ತ್ರ ಇಲ್ಲ ಎಂದು ನಾನೇ ಒಂದು ಶಾಸ್ತ್ರ ಮಾಡಿಕೊಂಡೆ. ಅಗಲವಾದ ನಡುಭಾಗವನ್ನು ಸರಿಯಾಗಿ ಎರಡು ಮಾಡಿದರೆ ಎರಡು ಬುಕ್‌ಮಾರ್ಕು. ಕತ್ತರಿ ಕರಕರನೆ ಹೋಯಿತು. ಹಂತ ಹಂತವಾಗಿ ತೋರಿಸುವುದು ನನ್ನ ಪದ್ಧತಿಯಾದ್ದರಿಂದ ಫೋಟೋ ತೆಗೆದೆ: ಎಡಗಡೆ ನಂದಿನಿ, ಬಲಗಡೆ ಪ್ರಶಾಂತ, ನಡುವೆ ಬಾಯಿ ತೆರೆದ ಕತ್ತರಿ. ಬ್ಲಾಗಿಗೆ ಹಾಕಿದೆ. ಮೆಚ್ಚುಗೆಯ ಸುರಿಮಳೆ. ಬಹುಮಾನವೂ ಬಂತು. ಸಂತೋಷ ತಡೆಯಲಾರದೆ ಒಂದು ಬುಕ್‌ಮಾರ್ಕನ್ನು ಮಾರ್ಗರೆಟ್ ಅಜ್ಜಿಗೆ ಅಂಚೆಯಲ್ಲಿ ಕಳಿಸಿಯೂ ಬಿಟ್ಟೆ.

ಇಷ್ಟು ಕಾಲ ಯಾರೂ ತೆರೆಯದ ಬ್ಲಾಗನ್ನು ನಮ್ಮ ನೆಂಟರು ತೆರೆದದ್ದು ಆ ವಾರವೇ. ಮದುವೆಯ ತಟ್ಟೆಗಳನ್ನು ಹೇಗೆ ಅಲಂಕರಿಸಬಹುದು ಎಂದು ನೋಡಲು ನಂದಿನಿ ನನ್ನ ಚೀಟಿ ಹುಡುಕಿ ತೆಗೆದು, ತಾಯಿಯನ್ನೂ ಪಕ್ಕಕ್ಕೆ ಕೂರಿಸಿಕೊಂಡು ಬ್ಲಾಗು ತೆರೆದಳಂತೆ. ಭಾನುವಾರ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಆಟೋ ನಿಂತಿತು. ಗಿರಿಜಕ್ಕ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದರು. ನಮ್ಮವರು ಪೇಪರ್ ಓದುತ್ತಿದ್ದರು, ಅತ್ತೆ ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು.

"ಶೈಲಾ, ನಿನಗೆ ನನ್ ಮಗಳ ಮೇಲೆ ಏನೇ ಹಗೆ?" ಎಂದರು ಗಿರಿಜಕ್ಕ. "ಮೂರು ವರ್ಷ ಜಾತಕ ಹಿಡ್ಕೊಂಡು ಅಲೆದು ಕೂಡಿಸಿರೋ ಜೋಡಿ ಕಣೇ. ನೀನು ಕತ್ತರಿ ಹಾಕಿ ಬೇರೆ ಮಾಡಿ ಊರಿಗೆಲ್ಲ ತೋರಿಸಿದೀಯಲ್ಲ. ಬೀಗರು ನೋಡಿದ್ರೆ ಏನು ಅಂದ್ಕೋತಾರೆ?"

ನಾನು ತೊದಲಿದೆ. ಅದು ಹೆಚ್ಚುವರಿ ಕಾರ್ಡು ಎಂದೆ. ಅಕ್ಷರ ಕಾಣಲಿ ಎಂದು ಎಂದೆ. ಯಾವುದೂ ನಿಲ್ಲಲಿಲ್ಲ.

"ಆಯ್ತು, ಆ ಎರಡು ತುಂಡು ತಾ. ನಾನೇ ಸೇರಿಸಿ ಅಂಟಿಸಿ ದೇವರ ಮುಂದೆ ಇಡ್ತೀನಿ."

ಒಳಗೆ ಹೋಗಿ ನಂದಿನಿಯನ್ನು ತಂದುಕೊಟ್ಟೆ.

"ಹುಡುಗ ಎಲ್ಲಿ?"

"ಆಸ್ಟ್ರೇಲಿಯಾಗೆ ಹೋದ" ಎಂದೆ. ಬೇರೆ ಹೇಗೆ ಹೇಳಬೇಕೋ ನನಗೆ ತಿಳಿಯಲಿಲ್ಲ.

ಗಿರಿಜಕ್ಕ ಸೋಫಾದ ಮೇಲೆ ಕುಸಿದರು. ನೀರು ಕೊಟ್ಟೆ, ಕುಡಿಯಲಿಲ್ಲ. ಲೋಟ ಪಕ್ಕಕ್ಕಿಟ್ಟು ತಣ್ಣಗೆ ಹೇಳಿದರು: "ನೋಡು, ಆ ಬ್ಲಾಗೋ ಪ್ಲಾಗೋ, ಅದನ್ನ ಇವತ್ತೇ ಮುಚ್ಚು. ಪೂರ್ತಿ ಮುಚ್ಚಬೇಕು. ಇಲ್ಲಾಂದ್ರೆ ನಮ್ಮನೆ ಮದುವೆಗೆ ನೀನು ಬರೋದು ಬೇಡ."

ಫೋಟೋ ತೆಗೆದುಹಾಕುತ್ತೇನೆ, ಆ ಬರಹವನ್ನೇ ತೆಗೆಯುತ್ತೇನೆ ಎಂದು ಬೇಡಿಕೊಂಡೆ. ಅವರು ಒಪ್ಪಲಿಲ್ಲ. ನಮ್ಮವರ ಕಡೆ ನೋಡಿದೆ. ಅವರು ಪೇಪರಿನ ಹಿಂದಿನಿಂದಲೇ "ಮುಚ್ಚಿಬಿಡು ಮಾರಾಯ್ತಿ, ಮದುವೆ ಮುಗಿದ ಮೇಲೆ ಮತ್ತೆ ಶುರು ಮಾಡಿದ್ರಾಯ್ತು" ಎಂದರು, ನಲ್ಲಿ ತಿರುಗಿಸಿದಷ್ಟು ಸಲೀಸಾಗಿ. ನನಗೆ ಮೈಯೆಲ್ಲ ಉರಿಯಿತು. ನಾನು ಮಾಡುವ ಸಾರು ಮಧ್ಯಾಹ್ನಕ್ಕೆ ಮುಗಿಯುತ್ತದೆ, ಒರೆಸಿದ ನೆಲ ಸಂಜೆಗೆ ಕೊಳೆಯಾಗುತ್ತದೆ, ಮಡಿಸಿದ ಬಟ್ಟೆ ಮಾರನೆಯ ದಿನ ಬಕೆಟ್ಟಿನಲ್ಲಿರುತ್ತದೆ. ಈ ಮನೆಯಲ್ಲಿ ನಾನು ಮಾಡಿದ್ದರಲ್ಲಿ ಮಾಡಿದ ಹಾಗೆಯೇ ಉಳಿದದ್ದು ಅದೊಂದೇ. ಅದನ್ನು ಹೇಳಬೇಕೆಂದು ಬಾಯಿ ತೆರೆದೆ, ಅಳು ಬಂತು. ಇತ್ತ ನಮ್ಮವರ ಒಬ್ಬಳೇ ಸೋದರಸೊಸೆಯ ಮದುವೆ. ಎತ್ತಿಕೊಂಡು ಆಡಿಸಿದ ಹುಡುಗಿ. ಅದನ್ನೂ ಬಿಡಲು ಆಗುತ್ತಿರಲಿಲ್ಲ. ಸೆರಗಿನಲ್ಲಿ ಮೂಗು ಒರೆಸಿಕೊಂಡು ಕಂಪ್ಯೂಟರ್ ಕಡೆಗೆ ಹೊರಟೆ.

"ಏ ನಿಂದ್ರವಾ" ಎಂದರು ಅತ್ತೆ.

ಅವರು ಅಡಿಕೆ ಡಬ್ಬಿಯನ್ನು ಖಾಲಿ ಮಾಡಿ ಮುಚ್ಚಳವನ್ನು ಗಿರಿಜಕ್ಕನ ಕೈಗಿಟ್ಟರು. "ಓದು ಒಳಗಡೆ ಏನೈತಿ." ಗಿರಿಜಕ್ಕ ಮುಚ್ಚಳವನ್ನು ತಿರುಗಿಸಿ ಓದಿದರು: "ಚಿ. ಸೌ. ಶೈಲಜ." ಚೀಲದ ತಳದಲ್ಲಿ ಸಿಕ್ಕಿದ್ದು ನಮ್ಮದೇ ಮದುವೆಯ ಕಾರ್ಡು. ಅಷ್ಟು ಗಟ್ಟಿ ಕಾಗದ ಆ ಚೀಲದಲ್ಲಿ ಬೇರೆ ಇರಲಿಲ್ಲ, ಏನು ಮಾಡಲಿ. ಹೆಸರನ್ನು ಒಳಮುಖ ಮಾಡಿ ಅಂಟಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ. ದಿನಕ್ಕೆ ಹತ್ತು ಸಲ ಅಡಿಕೆಗೆ ಕೈ ಹಾಕುವವರ ಡಬ್ಬಿ ಅದು ಎಂಬುದು ಮರೆತುಹೋಗಿತ್ತು.

"ಪುಟ್ಟಿ ಅಂಬೆಗಾಲು ಇಡಾಕ ಹತ್ತಿದಾಗ ಮಾಡಿಕೊಟ್ಟಿದ್ದು ಇದು" ಎಂದರು ಅತ್ತೆ. "ತನ್ ಮದುವಿ ಕಾರ್ಡಿಗೇ ಕತ್ರಿ ಹಾಕ್ಯಾಳ. ಏನಾತು? ಇಬ್ರೂ ನಿನ್ನ ಮುಂದನ ಕುಂತಾರ. ಇವಳು ತವರಿಗೂ ಹೋಗಲಿಲ್ಲ. ಇವನಂತೂ ಹೋಗು ಅಂದ್ರ ಮಾರ್ಕೆಟ್ಟಿಗೂ ಹೋಗಂಗಿಲ್ಲ. ಕಾಗದ ಕತ್ರಿಸಿದ್ರ ಸಂಸಾರ ಮುರೀತಾವಂದ್ರ ಕೋರ್ಟು ಯಾಕ ಬೇಕಾಗಿತ್ತು? ಫೋಟೋ ತಗೀತಾಳ. ಬಾಗಲಾ ಮುಚ್ಚು ಅನ್ನಬ್ಯಾಡ."

ಗಿರಿಜಕ್ಕ ಮುಚ್ಚಳವನ್ನೂ ನನ್ನನ್ನೂ ತಮ್ಮನನ್ನೂ ಒಂದೊಂದು ಸಲ ನೋಡಿದರು. ಬಾಯಿ ಬಿಗಿಹಿಡಿದಿದ್ದರು, ಆದರೆ ಮಾರ್ಕೆಟ್ಟಿನ ಮಾತಿಗೆ ನಗು ಬಂದೇಬಿಟ್ಟಿತು. ಪುಕ್ಕಟೆಯಾಗಿ ಬಿಡಲಿಲ್ಲ ಅನ್ನಿ. ಮದುವೆಯ ತಟ್ಟೆಗಳೆಲ್ಲದರ ಅಲಂಕಾರ ನನ್ನ ತಲೆಗೆ ಬಂತು, ಅದೂ ಹೊಸ ಕಾಗದದಲ್ಲಿ, ತಮ್ಮ ಕಣ್ಣೆದುರಿಗೇ ಕತ್ತರಿಸಬೇಕು ಎನ್ನುವ ಷರತ್ತಿನೊಂದಿಗೆ. ನಾನು ಫೋಟೋ ತೆಗೆದುಹಾಕಿದೆ. ಮದುವೆ ಚೆನ್ನಾಗಿ ಆಯಿತು. ತಟ್ಟೆಗಳನ್ನು ಬೀಗರು ಹೊಗಳಿದರು, ಗಿರಿಜಕ್ಕ "ನಮ್ಮ ತಮ್ಮನ ಹೆಂಡ್ತೀದು ಬ್ಲಾಗ್ ಇದೆ" ಎಂದು ಕಂಡಕಂಡವರಿಗೆಲ್ಲ ಹೇಳಿದರು. ಮಾರ್ಗರೆಟ್ ಅಜ್ಜಿ, ಪ್ರಶಾಂತ ಸುಖವಾಗಿ ತಲುಪಿ ಒಂದು ಅಡುಗೆ ಪುಸ್ತಕದೊಳಗೆ ಇದ್ದಾನೆ ಎಂದು ಬರೆದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲು ನಮ್ಮವರು ಬಿಡಬೇಕಲ್ಲ. ಆ ಭಾನುವಾರ ಗಿರಿಜಕ್ಕನ ಆಟೋ ತಿರುವು ದಾಟುತ್ತಿದ್ದಂತೆ ಅವರು ಪೇಪರನ್ನು ಕೆಳಗಿಟ್ಟು ಕೇಳಿದ್ದು ಒಂದೇ ಮಾತು: "ಪ್ರಶಾಂತ ಆಸ್ಟ್ರೇಲಿಯಾಗೆ ಹೋದ. ನೀನು ಅಮ್ಮನ ಡಬ್ಬೀಲಿ ಭದ್ರವಾಗಿದೀಯ. ನಾನೆಲ್ಲಿಗೆ ಹೋದೆ?"

ನನಗೆ ನೆನಪಿರಲಿಲ್ಲ. ನಿಜವಾಗಿಯೂ ಇರಲಿಲ್ಲ. ಲಾಟೀನುಗಳನ್ನು ತಿರುಗಿಸಿ ನೋಡಿದೆ, ಬೀರುವಿನ ಚೂರುಗಳನ್ನೆಲ್ಲ ಜಾಲಾಡಿದೆ. ಅಂದಿನಿಂದ ದಿನಾ ಸಂಜೆ ಕಚೇರಿಯಿಂದ ಬಂದು ಶೂ ಬಿಚ್ಚುತ್ತಾ "ಸಿಕ್ಕಿದ್ನಾ?" ಎಂದು ಕೇಳುವುದು ಅವರಿಗೆ ಅಭ್ಯಾಸವಾಯಿತು. ಹಂಗಿಸುವುದಕ್ಕೆ ಎಂದುಕೊಂಡು ನಾನೂ ಒಂದೆರಡು ಸಲ ರೇಗಿದೆ. ಆದರೆ ಕೇಳಿದ ಮೇಲೆ, ಉತ್ತರಕ್ಕಾಗಿ ಒಂದು ಗಳಿಗೆ ಶೂ ಕೈಯಲ್ಲೇ ಹಿಡಿದು ನಿಲ್ಲುತ್ತಿದ್ದರು.

ಮೊನ್ನೆ ಬ್ಲಾಗು ಬರೆಯುತ್ತಿದ್ದಾಗ ಗೋಂದಿನ ಮುಚ್ಚಳ ಉರುಳಿ ಮೇಜಿನ ಕೆಳಗೆ ಹೋಯಿತು. ತೆಗೆಯಲು ಬಗ್ಗಿದೆ. ಮೋಟು ಕಾಲಿನ ಕೆಳಗೆ ತುರುಕಿದ್ದ ಕಾಗದದ ಅಂಚಿನಲ್ಲಿ ಸವೆದ ಜರತಾರಿ ಬಣ್ಣ ಕಂಡಿತು. ಎಳೆದೆ. ಮಡಿಕೆ ಬಿಚ್ಚಿದೆ. ಚಿ. ರುದ್ರೇಶ, ನಮ್ಮವರೇ. ಮೇಲೆ ಮಾನಿಟರು ಓಲಾಡಿ ಕೀಬೋರ್ಡಿನ ಮೇಲೆ ಬೀಳುವುದರಲ್ಲಿತ್ತು. ಗಡಿಬಿಡಿಯಲ್ಲಿ ಅವರನ್ನು ಮೊದಲಿನಂತೆಯೇ ಮಡಿಸಿ ಇದ್ದ ಜಾಗಕ್ಕೇ ತುರುಕಿದೆ. ಮೇಜು ನಿಂತಿತು.

ಸಂಜೆ ಬಂದರು. ಶೂ ಬಿಚ್ಚುತ್ತಾ "ಸಿಕ್ಕಿದ್ನಾ?" ಎಂದರು.

"ಇಲ್ಲಾರೀ" ಎಂದೆ.

"ಎಲ್ಲಿ ಬಿದ್ದಿದೀನೋ ಏನೋ" ಎಂದು ಪೇಪರ್ ಹಿಡಿದು ಕೂತರು. ನಾನು ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿ ತಂದುಕೊಟ್ಟೆ. ಬಡಗಿಯನ್ನು ಕರೆಸಿ ಎನ್ನುವ ಮಾತನ್ನು ಅಂದಿನಿಂದ ಎತ್ತಿಲ್ಲ.