ಸೋಲೋ ಹಾಡುಗಳು

ಇದು ೧೯೭೬ರ ಮಾತು. ಬಿ.ಎಸ್ಸಿ. ಮುಗಿಸಿ ವಿಜಾಪುರದ ಒಂದು ರೇಡಿಯೊ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಹಾಡು ಕೇಳದವರೇ ಹಾಡಿನ ಬಗ್ಗೆ ಹೆಚ್ಚು ಮಾತಾಡುವುದನ್ನು ಅಲ್ಲಿ ದಿನಾ ನೋಡುತ್ತಿದ್ದೆ. ಆ ವರ್ಷ ನಮ್ಮೂರ ಹಿರಿಯ ಗಾಯಕರೊಬ್ಬರ ರೆಕಾರ್ಡು ಬಂತು. ಜಾನಪದ ಧಾಟಿಯಲ್ಲಿ ತಾವೇ ಪದ ಕಟ್ಟಿ, ಗಿಟಾರ್ ಸೇರಿಸಿ ಹಾಡುವವರು. ಇಪ್ಪತ್ತು ವರ್ಷ ಗೆಳೆಯನೊಬ್ಬನ ಜೋಡಿ ಹಾಡಿ, ಈಗ ಮೊದಲ ಸಲ ಒಬ್ಬರೇ ಹಾಡಿದ್ದರು.

“ಯಾರರೆ ಪೂರ್ತಿ ಕೇಳಿ ಚಂದ ಐತಿ ಅಂದ್ರ ಸಾಕು ತಮ್ಮಾ” ಎನ್ನುತ್ತಿದ್ದರು.

೧. ಹೆಸರು

ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ‘ಸೋಲೋ ಹಾಡುಗಳು’ ಎಂದು ಅಚ್ಚಾಗಿತ್ತು, ಒಬ್ಬರೇ ಹಾಡಿದ್ದು ಎಂಬ ಅರ್ಥದಲ್ಲಿ. ಅರಕೇರಿಯ ರೈತರೊಬ್ಬರು ಅದನ್ನು ಓದಿ ಕೆಳಗಿಟ್ಟರು.

“ಮನ್ಯಾಗ ಮದುವಿ ಐತ್ರಿ. ಸೋಲೂದ್ಯಾಕ, ಗೆಲ್ಲೂ ಹಾಡಿದ್ರ ಕೊಡ್ರಿ.”

ಗಾಯಕರು ಪಕ್ಕದಲ್ಲೇ ನಿಂತಿದ್ದರು.

೨. ಭಾಷಣ

ಬಬಲೇಶ್ವರದಲ್ಲಿ ಗಾಯಕರಿಗೆ ಸನ್ಮಾನ. ಮುಖ್ಯ ಅತಿಥಿ ದೊಡ್ಡ ವ್ಯಾಪಾರಿ. ರೆಕಾರ್ಡನ್ನು ಎತ್ತಿ ಹಿಡಿದು ಅರ್ಧ ಗಂಟೆ ಹೊಗಳಿದರು.

“ಇಬ್ಬರೂ ಭಾಳ ಛಲೋ ಹಾಡ್ಯಾರ. ಅದರಾಗೂ ಇವರ ಗೆಳೆಯಾರ ಧ್ವನಿ, ಏನ್ ಹೇಳ್ಲಿ.”

ಅಂಗಡಿಯ ಪ್ಲೇಯರು ಒಯ್ದಿದ್ದ ನಾನು, ಒಂದು ಹಾಡು ಹಾಕಲೇ ಎಂದೆ.

“ಬ್ಯಾಡೋ ತಮ್ಮಾ, ವ್ಯಾಳ್ಯಾ ಆಕೈತಿ.”

ಆಮೇಲೆ ಕೈಲಿದ್ದ ರೆಕಾರ್ಡಿನಿಂದಲೇ ಗಾಳಿ ಬೀಸಿಕೊಳ್ಳುತ್ತ ಕುಳಿತರು. ಬೇಸಿಗೆ ಜೋರಿತ್ತು. ರೆಕಾರ್ಡು ಅಷ್ಟಾದರೂ ತಿರುಗಿತು.

೩. ವೇಗ

ತಿಕೋಟಾದ ಚಹಾದಂಗಡಿಯವರೊಬ್ಬರು ಒಂದು ರೆಕಾರ್ಡು ಒಯ್ದರು. ಪ್ಲೇಯರಿನ ವೇಗದ ಗುಂಡಿ ತೋರಿಸಿ ಹೇಳಿದ್ದೆ: “ಇದನ್ನ ಮೂವತ್ಮೂರಕ್ಕ ಇಡ್ರಿ. ಹಳೇ ರೆಕಾರ್ಡಿನಂಗ ಎಪ್ಪತ್ತೆಂಟಕ್ಕ ಓಡಸಬ್ಯಾಡ್ರಿ, ಧ್ವನಿ ಕೆಡತೈತಿ.”

ವಾರದ ಮೇಲೆ ಸುದ್ದಿ ಬಂತು: ಅಂಗಡಿ ತುಂಬ ಜನ, ದಿನವಿಡೀ ಅದೇ ರೆಕಾರ್ಡು. ಗಾಯಕರು ಇಸ್ತ್ರಿ ಅಂಗಿ ತೊಟ್ಟು, ನನ್ನನ್ನೂ ಬಸ್ಸು ಹತ್ತಿಸಿದರು.

ಬಸ್ಸಿಳಿದ ಕೂಡಲೇ ಹಾಡು ಕೇಳಿಸಿತು. ಅವರದೇ ಪದ, ಅವರದೇ ಧಾಟಿ. ಧ್ವನಿ ಮಾತ್ರ ಸಣ್ಣ ಹುಡುಗಿಯದು. ಒಳಗೆ ಜನ ತಾಳ ಹಾಕುತ್ತಿದ್ದರು.

ಅಂಗಡಿಯವರಿಗೆ ಗಾಯಕರ ಗುರುತಿರಲಿಲ್ಲ.

“ಪೂರ್ತಿ ಕೇಳ್ತೀರೇನ್ರಿ?” ಗಾಯಕರು ಮೆಲ್ಲಗೆ ವಿಚಾರಿಸಿದರು.

“ಎರಡೂ ಬಾಜೂ ಕೇಳ್ತೀವ್ರಿ. ಹುಡುಗಿ ಏನ್ ಚಂದ ಹಾಡ್ಯಾಳ.” ಅವರು ನನ್ನತ್ತ ತಿರುಗಿದರು. “ಮೊದಲ ನೀವು ಹೇಳಿದಂಗ ಮೂವತ್ಮೂರಕ್ಕ ಇಟ್ಟಿದ್ವಿ. ಯಾರೋ ಮುದುಕ ನರಳಾಕತ್ತಿದ್ದ. ಗಿರಾಕಿ ಎದ್ದು ಹೋದ್ರು.”

ಗಾಯಕರು ಚಹಾ ಮುಗಿಸಿ ಲೋಟ ಕೆಳಗಿಟ್ಟರು. ನಾನು ಗುಂಡಿಯತ್ತ ಕೈ ಚಾಚಿದೆ. ಅವರು ನನ್ನ ಕೈ ಹಿಡಿದರು.

“ಇರ್ಲಿ ಬಿಡು ತಮ್ಮಾ. ಚಂದ ಐತಿ ಅನ್ನಾಕತ್ತಾರ.”

ಗುಂಡಿ ಇದ್ದಲ್ಲೇ ಉಳಿಯಿತು. ಎಪ್ಪತ್ತೆಂಟು.